ಕುಂಭಕರ್ಣನ ವೋಲ್ಟೇಜು

ನಮ್ಮ ಕಾರು ಕೆಲವು ತಿಂಗಳಿಂದ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ನಿಲ್ಲುತ್ತಿದೆ. ಪದ್ಮನಾಭನಗರದಲ್ಲಿ ಮರದ ನೆರಳಿನಲ್ಲಿ ಕಾರಿಗೆ ಜಾಗ ಸಿಗುವುದೇ ಪುಣ್ಯ ಎನ್ನುವವರಿದ್ದಾರೆ. ಅವರಿಗೆ ಆ ಮರದ ಕಾಗೆಗಳ ಪರಿಚಯವಿಲ್ಲ. ಬೆಳಿಗ್ಗೆ ಬಕೆಟ್ಟು, ಬಟ್ಟೆ ಹಿಡಿದು ಗಾಜು ಉಜ್ಜುತ್ತಿದ್ದರೆ ವಾಕಿಂಗ್ ಹೊರಟವರು ನಿಂತು, "ಏನ್ ಮೇಷ್ಟ್ರೇ, ಮನೇಲಿ ಶೆಡ್ ಇಟ್ಕೊಂಡು ಇದೇನಿದು ಪಾಡು?" ಎಂದು ಕೇಳುತ್ತಾರೆ. ಶೆಡ್ಡಿನಲ್ಲಿ ರೋಬೋಟು ಇದೆ ಅಂದರೆ ನಿವೃತ್ತ ಕನ್ನಡ ಮೇಷ್ಟ್ರಿಗೆ ತಲೆ ಸ್ವಲ್ಪ ಸಡಿಲವಾಯಿತು ಅಂದುಕೊಂಡಾರು. "ಒಂದಿಷ್ಟು ಸಾಮಾನು ತುಂಬಿದೆ" ಎಂದು ಹೇಳಿ ಕಾಗೆಯ ಕಡೆಗೆ ಗಮನ ಕೊಡುತ್ತೇನೆ.

ಸಾಮಾನು ಅಂದದ್ದೇನೂ ಸುಳ್ಳಲ್ಲ. ಮೊಮ್ಮಗ ಮತ್ತು ಅವನ ಗೆಳೆಯರು ಫಸ್ಟ್ ಟೆಕ್ ಚಾಲೆಂಜ್ ಎಂಬ ಸ್ಪರ್ಧೆಗೆ ತಯಾರಿ ನಡೆಸಿದ್ದಾರೆ. ಅಮೆರಿಕದ ಡೀನ್ ಕೇಮನ್ 1989ರಲ್ಲಿ ಕಟ್ಟಿದ ಸಂಸ್ಥೆಯ ಸ್ಪರ್ಧೆ ಇದು. ಎರಡೇ ಗಾಲಿಯ ಮೇಲೆ ಮನುಷ್ಯನನ್ನು ನಿಲ್ಲಿಸಿಕೊಂಡು ಬೀಳದೆ ಓಡುವ ಸೆಗ್ವೇ ಗಾಡಿಯೂ ಅವನದೇ ಕೈಚಳಕ. ಹೈಸ್ಕೂಲಿನ ಮಕ್ಕಳು 18 ಅಂಗುಲ ಉದ್ದ, ಅಗಲ, ಎತ್ತರದ ಡಬ್ಬಿಯೊಳಗೆ ಹಿಡಿಸುವ ಒಂದು ಯಂತ್ರ ಕಟ್ಟಬೇಕು. 12 ಅಡಿ ಉದ್ದ, 12 ಅಡಿ ಅಗಲದ ಅಂಗಳದಲ್ಲಿ ಅದು ಮೊದಲ 30 ಸೆಕೆಂಡು ತಾನೇ ಓಡಾಡಬೇಕು, ಆಮೇಲೆ 2 ನಿಮಿಷ ಮಕ್ಕಳು ಹೇಳಿದಂತೆ ಕೇಳಬೇಕು. ಆ ಅಂಗಳಕ್ಕೆ ಹಾಸುವ ಬೂದು ಬಣ್ಣದ ಮೆತ್ತನೆ ಚೌಕಗಳಲ್ಲಿ ನಮ್ಮ ಶೆಡ್ಡಿಗೆ ಹಿಡಿಸಿದ್ದು ಮೂರನೇ ಒಂದು ಪಾಲು ಮಾತ್ರ. ಉಳಿದದ್ದನ್ನು ನನ್ನ ಹೆಂಡತಿ ಮಂಚದ ಕೆಳಗೆ ಇಟ್ಟುಕೊಂಡಿದ್ದಾಳೆ, ಮಂಡಿನೋವಿನ ವ್ಯಾಯಾಮಕ್ಕೆ ಅನುಕೂಲವಾಯಿತು ಅನ್ನುತ್ತಾಳೆ.

ಈ ಯಂತ್ರಕ್ಕೆ ಒಂದು ಚಾಳಿ ಇತ್ತು. ಮುಂದೆ ಹೋಗು ಅಂದರೆ ಹೋಗುತ್ತಿತ್ತು, ಹಿಂದೆ ಬಾ ಅಂದರೆ ಬರುತ್ತಿತ್ತು, ಅಡ್ಡಕ್ಕೆ ಸರಿ ಅಂದ ಕೂಡಲೇ ಒಂದು ಗೇಣು ಸರಿದು ನಿಂತುಬಿಡುತ್ತಿತ್ತು. ಅದರ ದೀಪಗಳೆಲ್ಲ ಆರಿ, ಮತ್ತೆ ಹತ್ತಿ, ಕಣ್ಣುಜ್ಜಿಕೊಂಡು ಏಳಲು ಅರ್ಧ ನಿಮಿಷವಾದರೂ ಬೇಕು. ಒಟ್ಟು ಆಟವೇ ಎರಡೂವರೆ ನಿಮಿಷದ್ದು. "ತಾತಾ, ಮತ್ತೆ ಸತ್ತೋಯ್ತು" ಎಂಬ ಕೂಗು ಶೆಡ್ಡಿನಿಂದ ಎಷ್ಟು ಸಲ ಮೇಲೆ ಬಂತೆಂದರೆ, ಎದುರುಮನೆಯ ಅಜ್ಜಿ ಒಂದು ದಿನ ಗೇಟಿನ ತನಕ ಬಂದು, ಯಾರಿಗೆ ಏನಾಯಿತು ಎಂದು ಗಾಬರಿಯಿಂದ ವಿಚಾರಿಸಿಕೊಂಡು ಹೋದರು.

ಅಡ್ಡಕ್ಕೆ ಸರಿಯುವ ಗಾಲಿ ಎಂದರೇನು ಎಂದು ನಾನೂ ಮೊದಲು ಬೆರಗಾಗಿದ್ದೆ. ಒಂದೊಂದು ಗಾಲಿಯ ಅಂಚಿಗೂ ಓರೆಯಾಗಿ, 45 ಡಿಗ್ರಿ ಕೋನದಲ್ಲಿ, ಸಣ್ಣ ಸಣ್ಣ ಉರುಳೆಗಳನ್ನು ಜೋಡಿಸಿರುತ್ತಾರೆ. 1970ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಇಲಾನ್ ಎಂಬ ಎಂಜಿನಿಯರ್ ಇದನ್ನು ರೂಪಿಸಿದ, ಅವನು ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರಿನಲ್ಲೇ ಅದು ಮೆಕ್ಯಾನಮ್ ಗಾಲಿ. ಎರಡು ಗಾಲಿ ಮುಂದಕ್ಕೂ ಎರಡು ಹಿಂದಕ್ಕೂ ತಿರುಗಿ ಒಂದರ ಎಳೆತವನ್ನು ಇನ್ನೊಂದು ಕತ್ತರಿಸಿದಾಗ, ಮಿಕ್ಕ ಬಲದಲ್ಲಿ ಗಾಡಿ ಪಕ್ಕಕ್ಕೆ ಜಾರುತ್ತದೆ. ನಮ್ಮ ಕೂಡುಕುಟುಂಬಗಳು ನಡೆದದ್ದೂ ಹೀಗೆಯೇ. ಒಬ್ಬರ ಜಗ್ಗಾಟ ಇನ್ನೊಬ್ಬರಿಗೆ ಸರಿಹೋಗಿ ಸಂಸಾರ ಯಾರೂ ನೋಡದಿದ್ದ ಕಡೆಗೆ ಸಾಗುತ್ತಿತ್ತು. ಜಗ್ಗಾಟ ಇದ್ದಮೇಲೆ ಖರ್ಚೂ ಹೆಚ್ಚು. ಅಡ್ಡಕ್ಕೆ ಹೋಗುವಾಗ ನಾಲ್ಕೂ ಮೋಟರುಗಳು ಬ್ಯಾಟರಿಯಿಂದ ಎಳೆದುಕೊಳ್ಳುವ ಕರೆಂಟು ನೆಟ್ಟಗೆ ಹೋಗುವುದಕ್ಕಿಂತ ಜಾಸ್ತಿ.

ಹಾಗಾಗಿ ಮಕ್ಕಳ ಗುಮಾನಿ ಬ್ಯಾಟರಿಯ ಮೇಲೆ. ಅವರ ಹತ್ತಿರ ಮೂರು ಬ್ಯಾಟರಿಗಳಿದ್ದವು. ಕನ್ನಡಕದ ಹುಡುಗಿಯೊಬ್ಬಳು ಮೂರಕ್ಕೂ ಬಿಳಿ ಪಟ್ಟಿ ಅಂಟಿಸಿ ವಾಲಿ, ಅಂಗದ, ಕುಂಭಕರ್ಣ ಎಂದು ಬರೆದಿದ್ದಳು. ಕುಂಭಕರ್ಣ ಹಿಂದಿನ ವರ್ಷದ ಹಳೆಯ ಬ್ಯಾಟರಿ, ಎಲ್ಲರಿಗಿಂತ ಮೊದಲು ಮಲಗುವವನು. ಚಾರ್ಜ್ ಮಾಡಿ ಮೀಟರು ಹಿಡಿದರೆ ಮಾತ್ರ ಅವನೂ 13 ವೋಲ್ಟಿನ ಮೇಲೆಯೇ ತೋರಿಸುತ್ತಿದ್ದ. ಒಳಗೆ 1.2 ವೋಲ್ಟಿನ 10 ಸೆಲ್ಲುಗಳಿವೆ, ಲೆಕ್ಕಕ್ಕೆ 12 ವೋಲ್ಟು, ಹೊಟ್ಟೆ ತುಂಬಿದಾಗ ಒಂದಿಷ್ಟು ಹೆಚ್ಚು. ಮೀಟರಿನ ಕೆಂಪು ಕಡ್ಡಿ ಹಿಡಿಯುವ ಕೆಲಸ ನನ್ನದಾಗಿತ್ತು. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ ಅಲ್ಲಾಡುವುದಿಲ್ಲ ಎಂಬುದು ಅವರ ಭರವಸೆ. "ತಾತ, ಬರೀ ಹಿಡ್ಕೊಳ್ಳಿ, ಏನೂ ಹೇಳ್ಬೇಡಿ" ಎಂಬುದು ಷರತ್ತು. ನಾನು ಹಿಡಿಯುತ್ತಿದ್ದೆ, ಮೀಟರು 13.1 ಅನ್ನುತ್ತಿತ್ತು, ಎಲ್ಲರೂ ಸರಿಯಾಗಿದೆ ಅನ್ನುತ್ತಿದ್ದರು, ರೋಬೋಟು ಅಡ್ಡಕ್ಕೆ ಸರಿದು ಸಾಯುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಮೂಡುವ ವೋಲ್ಟೇಜಿನ ಗೆರೆಯಲ್ಲಿ ಮಾತ್ರ ಅದೇ 13, ಗಾಲಿ ಅಡ್ಡ ತಿರುಗಿದ ಗಳಿಗೆಯಲ್ಲಿ, 7ರ ಆಸುಪಾಸಿಗೆ ಬಿದ್ದಿರುತ್ತಿತ್ತು. ಅಷ್ಟು ಇಳಿದರೆ ರೋಬೋಟಿನ ಮಿದುಳು ಕೆಲಸ ಬಿಟ್ಟು ಮೊದಲಿನಿಂದ ಶುರುಮಾಡುತ್ತದೆ.

ಆ ಗೆರೆ ನೋಡಿದಾಗ ನನಗೆ ನೆನಪಾದದ್ದು ನನ್ನ ಅಜ್ಜಿ. ಅವಳ ಊರು ಮಳವಳ್ಳಿ ಕಡೆ, ಮನೆ ಲೈನಿನ ಕಟ್ಟಕಡೆಯ ಕಂಬಕ್ಕೆ. ಟ್ರಾನ್ಸ್‌ಫಾರ್ಮರಿನಿಂದ ಹೊರಟ ಕರೆಂಟು ಊರಿನ ಎಲ್ಲ ಮನೆ, ಎಲ್ಲ ತೋಟ ದಾಟಿಕೊಂಡು ಅವಳ ನಡುಮನೆಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತಿತ್ತು. ಬಲ್ಬು ಉರಿಯುತ್ತಿದೆಯೋ ಇಲ್ಲವೋ ಎಂದು ನೋಡಲು ಲಾಟೀನು ಹಿಡಿಯಬೇಕು ಎಂದು ನನ್ನ ಮಾವ ತಮಾಷೆ ಮಾಡುತ್ತಿದ್ದ. ಸಂಜೆ ಬಲ್ಬಿನೊಳಗಿನ ತಂತಿ ಕೆಂಪಗೆ ಎಳೆಎಳೆಯಾಗಿ ಕಾಣುತ್ತಿತ್ತು, ನೇರವಾಗಿ ನೋಡಿದರೂ ಕಣ್ಣಿಗೆ ಏನೂ ಆಗುತ್ತಿರಲಿಲ್ಲ. ಅಷ್ಟರಲ್ಲಿ ಅದು ಗಕ್ಕನೆ ಇನ್ನೂ ಕುಗ್ಗಿ, ಒಂದೆರಡು ಉಸಿರಿನ ಮೇಲೆ ತುಸು ಚೇತರಿಸಿಕೊಳ್ಳುವುದು. ಅಜ್ಜಿ ಒಲೆಯ ಮುಂದಿನಿಂದಲೇ, "ಕೆಳಗಿನ ತೋಟದೋರು ಮೋಟ್ರು ಹಾಕುದ್ರು" ಎನ್ನುವಳು. ಇನ್ನೊಂದು ದಿನ ಕುಗ್ಗುವ ಬಗೆಯೇ ಬೇರೆ, "ಇದು ಗಿರಣಿ" ಎನ್ನುವಳು. ನಿಂತ ಮೋಟರು ತಿರುಗಲು ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟು ಎಳೆಯುತ್ತದೆ, ವೇಗ ಬಂದಮೇಲೆ ತಣ್ಣಗಾಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಊರಿನಲ್ಲಿ ಯಾರ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಹೋಯಿತು ಎಂಬುದು ಅವಳಿಗೆ ಬಲ್ಬು ನೋಡಿಯೇ ಗೊತ್ತು. ಇದರಿಂದ ಒಂದೆರಡು ಜಗಳ ತೀರ್ಮಾನವಾದದ್ದೂ ಉಂಟು.

ಆ ಊರಿನಿಂದ ಶಿವನಸಮುದ್ರ ಬಹಳ ದೂರವಿಲ್ಲ. ಅಲ್ಲಿಯವರು ಈಗಲೂ ಬ್ಲಫ್ ಅನ್ನುವುದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ 1902ರಲ್ಲಿ ಮುಗಿದು, ಕಾವೇರಿಯ ಕರೆಂಟು ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಏಷ್ಯಾದಲ್ಲೇ ಮೊದಲು ಎಂದು ನಾವು ಎದೆಯುಬ್ಬಿಸುವುದುಂಟು, ಆ ವಾದಕ್ಕೆ ನಾನು ಇಳಿಯುವುದಿಲ್ಲ. ನಮ್ಮಜ್ಜಿ ಚಿಕ್ಕವಳಿದ್ದಾಗ ಆ ತಂತಿಗಳು ತಲೆಯ ಮೇಲೆ ಹಾದು ಹೋಗುತ್ತಿದ್ದವು, ಮನೆಯಲ್ಲಿ ಹರಳೆಣ್ಣೆ ದೀಪ. ಆದರೆ ಗಣಿಗೆ ಕರೆಂಟು ಕಳಿಸಿದ ಜಾಣ್ಮೆ ಮೆಚ್ಚಬೇಕು. ಕಳಿಸಿದ್ದು 30 ಸಾವಿರ ವೋಲ್ಟಿನ ಆಸುಪಾಸಿನಲ್ಲಿ. ವೋಲ್ಟೇಜು ಏರಿಸಿದಷ್ಟೂ ಅದೇ ಶಕ್ತಿಗೆ ತಂತಿಯಲ್ಲಿ ಹರಿಯಬೇಕಾದ ಕರೆಂಟು ಕಡಿಮೆ. ಕರೆಂಟು ಅರ್ಧಕ್ಕೆ ಇಳಿದರೆ ದಾರಿಯಲ್ಲಿ ಬೀಳುವ ವೋಲ್ಟು ಅರ್ಧ, ಬಿಸಿಯಾಗಿ ಪೋಲಾಗುವುದು ಕಾಲು ಪಾಲು. ಹಾಗಲ್ಲದೆ ಹೋಗಿದ್ದರೆ ಕಾವೇರಿಯೆಲ್ಲ ದಾರಿಯ ತಂತಿಯನ್ನೇ ಕಾಯಿಸಿ ಮುಗಿದುಹೋಗುತ್ತಿತ್ತು.

ರೋಬೋಟಿನ ಸಂಕಟ ಇದರ ತಿರುಗುಮುರುಗು. ನಮ್ಮನೆಯ ಮಿಕ್ಸಿ 500 ವಾಟಿನದು, 230 ವೋಲ್ಟಿನಲ್ಲಿ ಅದಕ್ಕೆ 2 ಆಂಪಿಯರ್ ಚಿಲ್ಲರೆ ಸಾಕು. ರೋಬೋಟಿಗೆ ಅದರ ಅರ್ಧ ಶಕ್ತಿ ಬೇಕೆಂದರೂ, ಇರುವುದು 12 ವೋಲ್ಟಾದ್ದರಿಂದ, 20 ಆಂಪಿಯರ್ ಹರಿಯಬೇಕು. ನಾಲ್ಕೂ ಮೋಟರು ಒಟ್ಟಿಗೆ ತಡೆದು ನಿಂತರೆ 40ರ ಹತ್ತಿರ. ಮಧ್ಯೆ ಇರುವ ಫ್ಯೂಸು 20 ಆಂಪಿಯರಿನದು, ಕ್ಷಣ ಹೊತ್ತು ಹೆಚ್ಚಾದರೆ ಸಹಿಸಿಕೊಳ್ಳುತ್ತದೆ, ಅಷ್ಟೇ. ಇಷ್ಟು ಹರಿಯುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಒಂದು ಓಮಿನ ಹತ್ತನೇ ಒಂದು ಪಾಲು ತಡೆ ಇದ್ದರೂ 2 ವೋಲ್ಟು ಅಲ್ಲೇ ಮಾಯ. ಹುಡುಗಿ ಇದನ್ನು ಶೆಡ್ಡಿನ ಗೋಡೆಯ ಮೇಲೆ ನನ್ನದೇ ಹಳೆಯ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಾಗ ನಾನು ಬಹಳ ತಿಳಿದವನಂತೆ ತಲೆಯಾಡಿಸಿದೆ. ಸಂಜೆ ಬೇರೆ ಯಾರೂ ಇಲ್ಲದಾಗ ಹೋಗಿ ಮತ್ತೊಮ್ಮೆ ಓದಿಕೊಂಡೆ.

ತಡೆ ಎಲ್ಲಿ ಎಂದು ಮೀಟರಿನಲ್ಲಿ ಓಮು ಅಳೆಯೋಣವೆಂದರೆ, ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದರೇ ಅದು 0.2, 0.3 ಅನ್ನುತ್ತದೆ. ಕಳ್ಳ ಅದಕ್ಕಿಂತ ಸಣ್ಣವನು. ಹೊಸ ಬ್ಯಾಟರಿಯೇ ತರುವುದು ಎಂದು ತೀರ್ಮಾನವಾಗಿ ಮೊಮ್ಮಗನೂ ನಾನೂ ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್‌.ಪಿ. ರಸ್ತೆಗೆ ಹೋದೆವು. ಆ ರಸ್ತೆಯಲ್ಲಿ ಯಾವ ಅಂಗಡಿಗೆ ಹೋಗಿ ಏನು ಕೇಳಿದರೂ "ಐತೆ, ಎಷ್ಟು ಬೇಕು?" ಎಂಬ ಉತ್ತರ ಬರುತ್ತದೆ, ನಮಗೆ ಬೇಕಾದ ಬ್ಯಾಟರಿ ಒಂದನ್ನು ಬಿಟ್ಟು. ಒಂದು ಸುರುಳಿ ದಪ್ಪ ತಂತಿ ಕೊಂಡು, ಪಕ್ಕದಲ್ಲಿ ಬನ್ನು ತಿಂದು ಬಂದೆವು. ವಾಪಸು ಬರುವಾಗ ಮೆಟ್ರೋ ಹಳಿಯ ಪಕ್ಕದ ಮೂರನೇ ಕಂಬಿಯಲ್ಲಿ 750 ವೋಲ್ಟು ಡಿ.ಸಿ. ಹರಿಯುತ್ತದೆ, ರೈಲ್ವೆಯ ಮೇಲಿನ ತಂತಿಯಲ್ಲಾದರೆ 25 ಸಾವಿರ ವೋಲ್ಟು ಎ.ಸಿ. ಎಂದು ಮೊಮ್ಮಗ ಇಳಿಯುವ ತನಕ ಪಾಠ ಹೇಳಿದ. ಪಕ್ಕದಲ್ಲಿ ಕೂತಿದ್ದ ಹೂವಿನ ಬುಟ್ಟಿಯ ಹೆಂಗಸು ಅದನ್ನು ಕೇಳಿಸಿಕೊಂಡು, ಬುಟ್ಟಿಯನ್ನು ಬಾಗಿಲಿನಿಂದ ತುಸು ಈಚೆಗೆ ಎಳೆದುಕೊಂಡಳು.

ಇದೆಲ್ಲದರ ನಡುವೆ ಹೊಂಗೆ ಮರದ ಕೆಳಗಿನ ಕಾರು ಒಂದು ಬೆಳಿಗ್ಗೆ ಕಟಕಟ ಎಂದು ಸುಮ್ಮನಾಯಿತು. ದೇವೇಗೌಡ ಪೆಟ್ರೋಲ್ ಬಂಕಿನ ಕಡೆ ಅಂಗಡಿ ಇಟ್ಟುಕೊಂಡಿರುವ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನನಗೆ ಸ್ಕೂಟರಿನ ಕಾಲದಿಂದ ಗೊತ್ತು. ಬಂದರು. ಬಾನೆಟ್ಟು ಎತ್ತುವ ಮೊದಲು ಹೆಡ್‌ಲೈಟ್ ಹಾಕಿಸಿ, "ಈಗ ಸೆಲ್ಫ್ ಹೊಡೀರಿ ಮೇಷ್ಟ್ರೇ" ಅಂದರು. ಹೊಡೆದೆ. ದೀಪ ಪೂರ್ತಿ ಕುಸಿಯಿತು. "ಬ್ಯಾಟ್ರಿ ಹೋಯ್ತಾ?" ಅಂದೆ. "ಬ್ಯಾಟ್ರಿ ಮೇಲೆ ಯಾಕ್ ಸಾರ್ ಆಪಾದನೆ, ಪಾಪ" ಎನ್ನುತ್ತಾ ಟರ್ಮಿನಲ್ಲಿನ ಮೇಲೆ ಬೆಳೆದಿದ್ದ ಬಿಳಿ ಬೂಸಲನ್ನು ಬಿಸಿನೀರು ಹಾಕಿ ತೊಳೆದರು, ಮರಳುಕಾಗದದಲ್ಲಿ ಉಜ್ಜಿದರು, ನಟ್ಟು ಬಿಗಿದರು. ಕಾರು ಒಂದೇ ಸಲಕ್ಕೆ ಎದ್ದಿತು. ಕೈ ತೊಳೆಯಲು ಶೆಡ್ಡಿನ ನಲ್ಲಿಗೆ ಬಂದವರು ರೋಬೋಟು ಕಂಡು ಅಲ್ಲೇ ಕುಕ್ಕರಗಾಲಿನಲ್ಲಿ ಕೂತರು. ಮಕ್ಕಳು ಅದರ ರೋಗವನ್ನೆಲ್ಲ ವಿವರಿಸಿದರು. ಕೊನೆಗೆ ಮೊಮ್ಮಗ, "ಆದ್ರೆ ಅಂಕಲ್, ಮೀಟರಲ್ಲಿ 13 ತೋರಿಸತ್ತೆ" ಅಂದ.

"ಮೀಟ್ರು ಏನೂ ಎಳೆಯಲ್ಲ ಮಗಾ. ಏನೂ ಕೇಳದೆ ಇದ್ರೆ ಎಲ್ಲಾರೂ 13 ತೋರಿಸ್ತಾರೆ. ಬಲ್ಬ್ ಕಟ್ಟಿ ಕೇಳ್ಬೇಕು."

ಸ್ಕೂಟರಿನ ಡಿಕ್ಕಿಯಿಂದ ಅವರೊಂದು ಹಳೆಯ ಹೆಡ್‌ಲೈಟ್ ಬಲ್ಬು ತಂದರು. ಬುಡಕ್ಕೆ ಎರಡು ತಂತಿ ಬೆಸುಗೆ ಹಾಕಿ, ತುದಿಗೆ ಮೊಸಳೆ ಕ್ಲಿಪ್ಪು ಸಿಕ್ಕಿಸಿದ್ದು. 12 ವೋಲ್ಟು, 55 ವಾಟು, ಅಂದರೆ ನಾಲ್ಕೂವರೆ ಆಂಪಿಯರ್ ಎಳೆಯುವಂಥದ್ದು. ಮೊದಲು ನೇರ ಕುಂಭಕರ್ಣನಿಗೆ ಕಚ್ಚಿಸಿದರು. ಶೆಡ್ಡಿನ ಗೋಡೆಯ ಮೇಲಿನ ಲೆಕ್ಕವೆಲ್ಲ ಬೆಳ್ಳಗೆ ಬೆಳಗಿತು. ಆಮೇಲೆ ಕುಂಭಕರ್ಣನನ್ನು ರೋಬೋಟಿನ ಪ್ಲಗ್ಗಿಗೆ ಸಿಕ್ಕಿಸಿ, ಸ್ವಿಚ್ಚು, ಫ್ಯೂಸು ಎಲ್ಲ ದಾಟಿದ ಮೇಲಿನ ತುದಿಗೆ ಅದೇ ಬಲ್ಬು ಕಚ್ಚಿಸಿದರು. ಬೆಳಕಿಗೆ ಸ್ವಲ್ಪ ಅರಿಸಿನ ಬಣ್ಣ ಬಂದಿತ್ತು. ಎಡಗೈಯಲ್ಲಿ ಬಲ್ಬು ಹಿಡಿದುಕೊಂಡು ಬಲಗೈಯ ಎರಡು ಬೆರಳಿನಿಂದ ತಂತಿಯನ್ನು ಒಂದೊಂದು ಅಂಗುಲವಾಗಿ ನೇವರಿಸುತ್ತ ಬಂದರು. ಪ್ಲಗ್ಗಿನ ಹತ್ತಿರ ಬೆರಳು ಬಂದು ಸ್ವಲ್ಪ ಅಲ್ಲಾಡಿಸಿದ್ದೇ ತಡ, ಬಲ್ಬು ನಮ್ಮಜ್ಜಿಯ ನಡುಮನೆಯದಾಯಿತು.

ಹುಡುಗಿ ಆಗಲೇ ಮೀಟರು ಎತ್ತಿಕೊಂಡಿದ್ದಳು. ಬಲ್ಬು ಉರಿಯುತ್ತಿರುವಾಗಲೇ ಒಂದೊಂದು ಕೀಲಿನ ಈಚೆಗೊಂದು ಆಚೆಗೊಂದು ಕಡ್ಡಿ ಇಟ್ಟು ಅಲ್ಲಲ್ಲಿ ಎಷ್ಟೆಷ್ಟು ವೋಲ್ಟು ಬೀಳುತ್ತಿದೆ ಎಂದು ನೋಡುವುದು. ಕೆಂಪು ಕಡ್ಡಿ ನನ್ನ ಕೈಯಲ್ಲಿ. ಸ್ವಿಚ್ಚಿನ ಎರಡು ಬದಿಗೆ 0.03. ಫ್ಯೂಸಿನ ಎರಡು ಬದಿಗೆ 0.06. ಪ್ಲಗ್ಗಿನ ಎರಡು ಬದಿಗೆ 0.5. ನಾಲ್ಕೂವರೆ ಆಂಪಿಯರಿಗೇ ಅರ್ಧ ವೋಲ್ಟಾದರೆ 20 ಆಂಪಿಯರಿಗೆ 2 ವೋಲ್ಟಿನ ಮೇಲೆ. ಅಷ್ಟು ಸಣ್ಣ ಪ್ಲಗ್ಗಿನೊಳಗೆ ಆ ಹೊತ್ತಿನಲ್ಲಿ 40 ವಾಟಿಗೂ ಹೆಚ್ಚು ಬಿಸಿ. ನಮ್ಮ ಮನೆಯಲ್ಲಿ ಮೊದಲು ಅಡಿಗೆಮನೆಗೆ ಇದ್ದ ಬಲ್ಬೇ 40 ವಾಟಿನದು.

ಪ್ಲಗ್ಗು ಬಿಚ್ಚಿದರು. ಒಳಗಿನ ಹಿತ್ತಾಳೆ ಕೊಳವೆಯ ಕಿವಿಗಳು ತಾಮ್ರದ ಎಳೆಗಳನ್ನು ತಬ್ಬುವ ಬದಲು ಅದರ ಮೇಲಿನ ಕೆಂಪು ಪ್ಲಾಸ್ಟಿಕ್ಕನ್ನು ತಬ್ಬಿಕೊಂಡಿದ್ದವು. ಹತ್ತಾರು ಎಳೆಗಳಲ್ಲಿ ಕೊಳವೆಗೆ ತಾಗಿದ್ದದ್ದು ಅಂಚಿನ ಕೆಲವು ಮಾತ್ರ, ಅವೂ ಕಪ್ಪಾಗಿದ್ದವು. ಪ್ಲಾಸ್ಟಿಕ್ಕು ಒಂದು ಕಡೆ ಮೆತ್ತಗಾಗಿ ಕಂದಿತ್ತು. ಹೊರಗಿನಿಂದ ಎಳೆದು ನೋಡಿದರೆ ಭದ್ರ, ಕೀಳುವಂತೆಯೇ ಇಲ್ಲ. ಇಕ್ಕಳದಲ್ಲಿ ಇದನ್ನು ಒತ್ತಿದವರು ಯಾರು ಎಂದು ವಿಚಾರಣೆ ನಡೆಯಿತು. ಮೂವರು ಆ ದಿನ ಟ್ಯೂಷನ್ನಿಗೆ ಹೋಗಿದ್ದರಂತೆ, ನಾಲ್ಕನೆಯವನಿಗೆ ಜ್ವರ. ಎಲೆಕ್ಟ್ರಿಷಿಯನ್ ಯಾರ ಮುಖವನ್ನೂ ನೋಡದೆ ತಂತಿ ಕತ್ತರಿಸಿ, ಪ್ಲಾಸ್ಟಿಕ್ಕು ಸುಲಿದು, ಎಸ್‌.ಪಿ. ರಸ್ತೆಯಿಂದ ಬಂದ ದಪ್ಪ ತಂತಿಗೆ ಕೊಳವೆ ಒತ್ತಿ, ಮೇಲೆ ಒಂದು ಹನಿ ಬೆಸುಗೆಯನ್ನೂ ಬಿಟ್ಟರು. ಓಡಾಡುವ ಯಂತ್ರಕ್ಕೆ ಬೆಸುಗೆ ಬೇಡ, ಅಲುಗಾಟಕ್ಕೆ ಆ ಜಾಗದಲ್ಲೇ ಎಳೆ ಮುರಿಯುತ್ತದೆ ಎಂದು ಹುಡುಗಿ ವಾದಿಸಿದಳು. "ನಿಮ್ಮದು ಎರಡೂವರೆ ನಿಮಿಷದ ಗಾಡಿ ತಾಯಿ, ನಾನು ಬೆಸುಗೆ ಹಾಕಿದ ಆಟೋ ಹನ್ನೆರಡು ವರ್ಷದಿಂದ ಓಡ್ತಾ ಐತೆ" ಎಂದರು. ಇಬ್ಬರಲ್ಲಿ ಯಾರು ಸರಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಕಾಫಿ ತರಿಸಿದೆ.

ರೋಬೋಟು ಪೂರ್ತಿ ಗುಣವಾಗಲಿಲ್ಲ. ಅಡ್ಡಕ್ಕೆ ಹೋಗುವಾಗ ಸಾಯುವುದು ನಿಂತಿತು, ಗೆರೆ ಮಾತ್ರ ಇನ್ನೂ ಬೇಕಾದ್ದಕ್ಕಿಂತ ಕೆಳಗಿಳಿಯುತ್ತಿತ್ತು. ಕೊನೆಗೆ ಗಾಲಿಗಳನ್ನು ಕೈಯಲ್ಲಿ ತಿರುಗಿಸಿ ನೋಡಿದಾಗ ಹಿಂದಿನ ಎಡಗಾಲಿ ಉಳಿದವಕ್ಕಿಂತ ಬಿಗಿ. ಅಚ್ಚಿನ ಮೇಲಿನ ಬಳೆಯನ್ನು ತಗಡಿಗೆ ಒತ್ತಿ ಕೂರಿಸಿದ್ದರು, ಒಂದು ಕಾಗದದ ದಪ್ಪ ಬಿಟ್ಟಾಗ ಸರಿಹೋಯಿತು.

ಬಲ್ಬಿನ ಕಥೆಯನ್ನು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ವಿಸ್ತಾರವಾಗಿ ಹೇಳಿದೆ. ಪೂರ್ತಿ ಕೇಳಿ, "ಸುಮ್ನೆ ಕೂತಾಗ ನೀವೂ 13 ತೋರಿಸ್ತೀರ" ಎಂದು ಮರುದಿನದ ತರಕಾರಿ ಚೀಟಿ ಕೈಗಿಟ್ಟಳು. ಮಕ್ಕಳಿಗಂತೂ ಈಗ ಚಟ ಹಿಡಿದಿದೆ. ಮನೆಯಲ್ಲಿ ಇರುವುದನ್ನೆಲ್ಲ ಉರಿಸಿ ನೋಡಬೇಕು. ಟಾರ್ಚು, ಯುಪಿಎಸ್ಸು, ನನ್ನ ರೇಡಿಯೋ ಯಾವುದನ್ನೂ ಬಿಟ್ಟಿಲ್ಲ. 230 ವೋಲ್ಟಿನ ಹತ್ತಿರ ಮೀಟರು ತೆಗೆದುಕೊಂಡು ಹೋಗಕೂಡದು ಎಂದು ಎಲೆಕ್ಟ್ರಿಷಿಯನ್ನೇ ಗದರಿಸಿ ಹೋಗಿದ್ದರಿಂದ ಮಿಕ್ಸಿ, ಗ್ರೈಂಡರುಗಳು ಬಚಾವಾದವು.

ಮೊನ್ನೆ ಶೆಡ್ಡಿನಲ್ಲಿ ಹೊಸ ತಕರಾರು. ಕುಂಭಕರ್ಣನ ಪಟ್ಟಿ ಕಿತ್ತು ಬೇರೆ ಹೆಸರು ಇಡಬೇಕು, ಅವನ ತಪ್ಪಿಲ್ಲದೆ ಅಷ್ಟು ದಿನ ಬೈದೆವು ಎಂದು ಮೊಮ್ಮಗನ ವಾದ. ಹಳೆಯ ಬ್ಯಾಟರಿ, ಒಳಗಿನ ತಡೆ ಉಳಿದೆರಡಕ್ಕಿಂತ ಈಗಲೂ ಜಾಸ್ತಿ, ಆ ಹೆಸರು ಬಿಡಕೂಡದು ಎಂದು ಹುಡುಗಿ. ನ್ಯಾಯ ನನ್ನ ಹತ್ತಿರ ಬಂತು. ಏನೂ ಹೇಳಬೇಡಿ ಎಂಬ ಷರತ್ತು ಅಂದು ಮೊದಲ ಬಾರಿಗೆ ಸಡಿಲವಾಗಿತ್ತು. ನಾನು ಕುರ್ಚಿ ಎಳೆದುಕೊಂಡು ಕೂತೆ. ಕುಂಭಕರ್ಣನನ್ನು ಬರೀ ನಿದ್ದೆಬುರುಕ ಎಂದು ತಿಳಿಯುವುದು ರಾಮಾಯಣವನ್ನು ಸರಿಯಾಗಿ ಓದದವರ ಮಾತು ಎಂದು ಶುರುಮಾಡಿದೆ. ಅವನ ತಪಸ್ಸು, ಬ್ರಹ್ಮನ ಮುಂದೆ ನಾಲಿಗೆ ತೊಡರಿದ್ದು, ಆರು ತಿಂಗಳ ನಿದ್ದೆ, ಎಚ್ಚರವಾದ ಮೇಲೆ ಅಣ್ಣನಿಗೇ ಬುದ್ಧಿ ಹೇಳಿದ್ದು, ಹೇಳಿಯೂ ಅವನ ಪರವಾಗಿಯೇ ಯುದ್ಧಕ್ಕೆ ನಿಂತದ್ದು ಇವನ್ನೆಲ್ಲ ಕ್ರಮವಾಗಿ ಹೇಳಿ ತೀರ್ಪು ಕೊಡುವ ಯೋಚನೆ ನನ್ನದು. ಡಂಗುರ, ಕಹಳೆ, ಆನೆಗಳನ್ನು ಮೈಮೇಲೆ ಓಡಿಸುವ ಭಾಗಕ್ಕೆ ಬಂದು ಕತ್ತೆತ್ತಿ ನೋಡಿದರೆ ಎದುರಿಗೆ ಯಾರೂ ಇಲ್ಲ. ಅಂಗಳದ ಆ ಮೂಲೆಯಲ್ಲಿ ಕುಂಭಕರ್ಣನನ್ನೇ ಹಾಕಿಕೊಂಡು ರೋಬೋಟು ಅಡ್ಡಡ್ಡ ಓಡಾಡುತ್ತಿತ್ತು, ಹುಡುಗಿಯ ಕೈಯಲ್ಲಿ ಗಡಿಯಾರ. ಎರಡೂವರೆ ನಿಮಿಷ ಮುಗಿದು, ಅವನು ಇನ್ನೂ 12ರ ಮೇಲೆಯೇ ಇದ್ದ. ನನ್ನ ಕುಂಭಕರ್ಣನಿಗೆ ಇನ್ನೂ ಎಚ್ಚರವೇ ಆಗಿರಲಿಲ್ಲ.